ಡ್ರಿಪ್ ಬೇಡ ಅಂದಿದ್ದಕ್ಕೆ ಬೈಸಿಕೊಂಡೆ

ಹಾಸಿಗೆ ಹಿಡಿದವರನ್ನು ಅವರ ಮನೆಯಲ್ಲೇ ನೋಡಿಕೊಳ್ಳುವ ನರ್ಸ್ ನಾನು. 13 ವರ್ಷ ಆಯ್ತು. ಮೊದಮೊದಲು ನಾನೂ ಕೊನೆ ದಿನದವರೆಗೆ ಡ್ರಿಪ್ ಹಾಕಿದವಳೇ. ತರೀಕೆರೆ ಕಡೆಯ ಒಬ್ಬ ಅಜ್ಜಿಗೆ ದಿನಕ್ಕೆರಡು ಬಾಟಲಿ ಏರಿಸಿದೆ. ಕಾಲು ಊದಿತು, ಗಂಟಲಲ್ಲಿ ಗೊರಗೊರ ಜಾಸ್ತಿಯಾಯ್ತು. ಕಫ ಎಳೆಯೋ ಸಕ್ಷನ್ ಟ್ಯೂಬ್ ಗಂಟಲಿಗೆ ಇಳಿಸಿದಾಗೆಲ್ಲ ಆ ತಾಯಿ ನನ್ನ ಕೈ ತಳ್ಳುತ್ತಿದ್ದರು. ಆ ಒಂದು ವಾರಕ್ಕೆ ಮನೆಯವರಿಗೆ 20 ಸಾವಿರದ ಹತ್ತಿರ ಖರ್ಚು.

ಹೋದ ವರ್ಷ ಸಿಕ್ಕವರು ಹೊಟ್ಟೆ ಕ್ಯಾನ್ಸರಿನ ಅಜ್ಜ, 80 ದಾಟಿತ್ತು. ಊಟ ಬಿಟ್ಟು ನಾಲ್ಕೈದು ದಿನ, ಸದಾ ಮಂಪರು. ಡ್ರಿಪ್ ಬೇಡ ಅಂದೆ. ಡಾಕ್ಟರೂ ಒಪ್ಪಿದರು. ದೊಡ್ಡ ಮಗ ಮಾತ್ರ, "ಏನಮ್ಮಾ, ನಮ್ಮಪ್ಪನ್ನ ಉಪವಾಸ ಕೆಡವಿ ಸಾಯಿಸ್ತೀಯಾ?" ಅಂತ ಕೂಗಾಡಿದರು. ದೇಹವೇ ಸಾಕು ಅಂದಮೇಲೆ ಹಸಿವೆಲ್ಲಿಂದ ಬರಬೇಕು? ಅವರನ್ನ ಹೇಗೆ ಒಪ್ಪಿಸಿದೆ ಅನ್ನೋದು ಕಸುಬಿನ ಗುಟ್ಟು, ಇಲ್ಲಿ ಬರೆಯಲ್ಲ.

ನೋವಿಗೆ ಮಾರ್ಫಿನ್. ಬೆಲೆ ಜಾಸ್ತಿಯಿಲ್ಲ, ಸಿಗೋದೇ ಕಷ್ಟ. ಪರವಾನಗಿ ಇರುವ ಆಸ್ಪತ್ರೆಗೆ ಹುಡುಕಿಕೊಂಡು ಹೋಗಬೇಕು. ನುಂಗೋದು ನಿಂತಮೇಲೆ ಡಾಕ್ಟರ್ ಚರ್ಮದಡಿ ಕೊಡುವ ಇಂಜೆಕ್ಷನ್ ಬರೆದುಕೊಟ್ಟರು.

ನನ್ನ ಗಮನವೆಲ್ಲ ಬಾಯಿ ಮೇಲೆ. ಗಂಟೆಗೊಮ್ಮೆ ಒದ್ದೆ ಗಾಜ್ ಬಟ್ಟೆಯಿಂದ (ಗಾಯಕ್ಕೆ ಕಟ್ಟೋ ತೆಳು ಬಟ್ಟೆ) ನಾಲಿಗೆ, ವಸಡು ಒರೆಸಿ, ತುಟಿಗೆ ತುಪ್ಪ ಸವರುತ್ತಿದ್ದೆ. ಎಳನೀರನ್ನ ಫ್ರೀಜರಿನಲ್ಲಿಟ್ಟು ಚೂರು ಮಾಡಿ ಕೊಟ್ಟೂ ನೋಡಿದೆ. ಹಿಂದೆ ನಾನು ನೋಡಿಕೊಂಡ, ಎಚ್ಚರ ಇದ್ದ ರೋಗಿಯೊಬ್ಬರು ಅದನ್ನ ಕೇಳಿ ಕೇಳಿ ತಿಂದಿದ್ದರು. ಅಜ್ಜನಿಗೆ ಕೆಮ್ಮು ಬಂತು, ಅಲ್ಲಿಗೇ ಬಿಟ್ಟೆ. ಗೊರಗೊರ ಶುರುವಾದಾಗ ಸಕ್ಷನ್ ಮುಟ್ಟಲಿಲ್ಲ. ಒಂದು ಮಗ್ಗುಲಿಗೆ ವಾಲಿಸಿ ಸುರುಳಿ ಸುತ್ತಿದ ಕಂಬಳಿಯನ್ನ ಬೆನ್ನಿಗೆ ಆನಿಸಿದೆ. ಸದ್ದು ಅರ್ಧಕ್ಕರ್ಧ ಇಳಿಯಿತು, ನೋಡಿ!

ಕೊನೆ ರಾತ್ರಿ ಮಂಡಿಯ ಮೇಲೆ ನೀಲಿ ಬಲೆಯಂತೆ ಬಣ್ಣ ಮೂಡಿತ್ತು. ಉಸಿರು ನಿಲ್ಲೋದು, ಮತ್ತೆ ಬರೋದು. ಸೊಸೆ ಗಾಬರಿಯಾದರು. ಇದು ಹೀಗೇ, ಅವರಿಗೆ ಸಂಕಟ ಇಲ್ಲ, ಕೈ ಹಿಡಿದುಕೊಂಡು ಮಾತಾಡಿ ಅಂದೆ. ಕೂಗಾಡಿದ್ದ ಮಗನೇ ಕಿವಿಯ ಹತ್ತಿರ ಬಗ್ಗಿ, "ಅಪ್ಪಾ, ಅಡಿಕೆ ಕೊಯ್ಲು ಮುಗೀತು" ಅಂದರು. ತುಳಸಿ ನೀರನ್ನ ಚಮಚದಲ್ಲಿ ಸುರಿಯಲು ನಾನು ಬಿಡಲಿಲ್ಲ. ಮನೆಯವರು ಗಾಜ್ ಬಟ್ಟೆ ಅದ್ದಿ ತುಟಿಗೆ ಮುಟ್ಟಿಸಿದರು. ಬೆಳಗಿನ ಜಾವ ಉಸಿರು ನಿಂತಿತು.

ಒಟ್ಟು ಒಂಬತ್ತು ದಿನ. ನನ್ನ ಸಂಬಳ ಬಿಟ್ಟರೆ ಆರು ಸಾವಿರದ ಸುಮಾರು ಖರ್ಚು, ಅದರಲ್ಲಿ ಅರ್ಧ ಏರ್‌ಬೆಡ್ಡಿಗೇ (ಗಾಳಿ ತುಂಬುವ ಹಾಸಿಗೆ). ಮಗ ಹಟ ಮಾಡಿ ತಂದಿಟ್ಟಿದ್ದ ಆರು ಗ್ಲೂಕೋಸ್ ಬಾಟಲಿ ಮೂಲೆಯಲ್ಲೇ ಇದ್ದವು. ಹದಿಮೂರರ ಕಾರ್ಯ ಮುಗಿದಮೇಲೆ ಅವರೇ ಹೋಗಿ ಮೆಡಿಕಲ್ ಶಾಪಿಗೆ ವಾಪಸ್ ಕೊಟ್ಟು ಬಂದರು.