ಇನ್‌ಸೋಲ್ ಮೆತ್ತಗಿದ್ದರೆ ಸಾಕಾ?

ಬೆಳಿಗ್ಗೆ ಹಾಸಿಗೆ ಬಿಟ್ಟು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಮೊಳೆ ಚುಚ್ಚಿದ ಹಾಗಾಗುತ್ತದೆ, ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕಿದ ಮೇಲೆ ಸ್ವಲ್ಪ ಸಡಿಲವಾಗುತ್ತದೆ, ಅರ್ಧ ಗಂಟೆ ಕೂತು ಎದ್ದರೆ ಮತ್ತೆ ಅದೇ ಕಥೆ. ನಿಮ್ಮದೂ ಇದೇ ಪಾಡಾದರೆ "ಶೂ ಒಳಗೆ ಮೆತ್ತನೆ ಇನ್‌ಸೋಲ್ ಹಾಕು" ಅಂತ ಯಾರಾದರೂ ಹೇಳಿಯೇ ಇರುತ್ತಾರೆ. ನನಗೂ ಹೇಳಿದ್ದರು. ಬೆರಳಲ್ಲಿ ಒತ್ತಿದರೆ ತಳ ಮುಟ್ಟುವಷ್ಟು ಮೆತ್ತಗಿದ್ದ ಜೆಲ್ ಜೋಡಿ ತಂದೆ. ಮೊದಲ ದಿನ ಹಾಯ್ ಅನಿಸಿತು. ಎರಡು ವಾರ ಕಳೆಯುವಷ್ಟರಲ್ಲಿ ನೋವು ಎಲ್ಲಿತ್ತೋ ಅಲ್ಲೇ ಬಂದು ಕೂತಿತ್ತು. ನನಗೆ ಬೇಕಾಗಿದ್ದದ್ದು ಮೆತ್ತೆ ಅಲ್ಲ, ಆಸರೆ.

ವ್ಯತ್ಯಾಸ ಏನು ಅಂತ ತಿಳಿಯಲು ಪಾದದ ಒಳಗೆ ಸ್ವಲ್ಪ ಇಣುಕಬೇಕು. ಒಂದು ಪಾದದಲ್ಲಿ 26 ಮೂಳೆಗಳಿವೆ. ಅವು ಸೇರಿ ಅಂಗಾಲಿನ ಒಳಬದಿಯಲ್ಲಿ ಒಂದು ಕಮಾನು ಕಟ್ಟುತ್ತವೆ. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಒಂದು ಗಟ್ಟಿ ಪಟ್ಟಿ ಈ ಕಮಾನನ್ನು ಬಿಲ್ಲಿನ ಹೆದೆಯ ಹಾಗೆ ಎಳೆದು ಹಿಡಿದಿರುತ್ತದೆ. ಭಾರ ಬಿದ್ದಾಗ ಕಮಾನು ಸ್ವಲ್ಪ ಇಳಿಯುವುದು ಸಹಜ, ಅದು ಸ್ಪ್ರಿಂಗ್ ಇದ್ದ ಹಾಗೆ. ಕೆಲವರಲ್ಲಿ ಮಾತ್ರ ಜಾಸ್ತಿ ಇಳಿಯುತ್ತದೆ. ಆಗ ಹಿಮ್ಮಡಿ ಒಳಕ್ಕೆ ವಾಲುತ್ತದೆ, ಜೊತೆಗೆ ಮೊಣಕಾಲೂ ಒಳಕ್ಕೆ ತಿರುಗುತ್ತದೆ, ಆ ಪಟ್ಟಿ ಹೆಜ್ಜೆಹೆಜ್ಜೆಗೂ ಎಳೆಸಿಕೊಳ್ಳುತ್ತದೆ. ಪಟ್ಟಿ ಹಿಮ್ಮಡಿಗೆ ಅಂಟಿಕೊಂಡ ಜಾಗದಲ್ಲಿ ಶುರುವಾಗುವ ನೋವಿಗೆ ಡಾಕ್ಟರ್‌ಗಳು ಪ್ಲಾಂಟಾರ್ ಫೇಷಿಯೈಟಿಸ್ ಅನ್ನುತ್ತಾರೆ.

ಮೆತ್ತೆಗಿಂತ ಪಾದಕ್ಕೆ ಆಸರೆ ಕೊಡಲೆಂದೇ ಮಾಡಿದ ಇನ್‌ಸೋಲ್‌ಗೆ ಆರ್ಥೋಟಿಕ್ ಇನ್‌ಸೋಲ್ ಅನ್ನುತ್ತಾರೆ. ಅದು ಮಾಡುವ ಕೆಲಸ ಸರಳ. ಹಿಂದೆ ಬಟ್ಟಲಿನಂಥ ಗುಳಿ ಇರುತ್ತದೆ, ಅದು ಹಿಮ್ಮಡಿ ಅತ್ತಿತ್ತ ವಾಲದ ಹಾಗೆ ಹಿಡಿಯುತ್ತದೆ. ನಡುವಿನ ಉಬ್ಬು ಕಮಾನಿಗೆ ಕೆಳಗಿಂದ ಆತುಕೊಳ್ಳುತ್ತದೆ. ಹಿಮ್ಮಡಿ ಒಂದರ ಮೇಲೇ ಬೀಳುತ್ತಿದ್ದ ಭಾರ ಅಂಗಾಲಿಗೆಲ್ಲ ಹಂಚಿಹೋಗುತ್ತದೆ. ಮೂಳೆಯ ಆಕಾರವನ್ನೇನೂ ಅದು ಬದಲಿಸುವುದಿಲ್ಲ, ಹಾಕಿಕೊಂಡಿರುವಷ್ಟು ಹೊತ್ತು ಮಾತ್ರ ಅದರ ಆಟ. ಆಮೇಲೆ, ನೋವೇ ಇಲ್ಲದ ಚಪ್ಪಟೆ ಪಾದಕ್ಕೆ ಸುಮ್ನೆ ಇದನ್ನೆಲ್ಲ ಹಾಕುವ ಅಗತ್ಯವಿಲ್ಲ. ಪುಟ್ಟ ಮಕ್ಕಳ ಪಾದ ಚಪ್ಪಟೆಯಾಗಿ ಕಾಣುವುದಂತೂ ತೀರಾ ಸಾಮಾನ್ಯ.

ಕೊಳ್ಳುವ ಮುಂಚೆ ನಿಮ್ಮ ಪಾದ ನೋಡಿಕೊಳ್ಳಿ. ಅಂಗಾಲು ಒದ್ದೆ ಮಾಡಿ ಒಣ ನೆಲದ ಮೇಲೆ ನಿಂತು ಪಕ್ಕಕ್ಕೆ ಸರಿಯಿರಿ. ಇಡೀ ಅಂಗಾಲು ತುಂಬಿಕೊಂಡು ಮೂಡಿದ್ದರೆ ಕಮಾನು ತಗ್ಗು. ಹಿಮ್ಮಡಿ, ಬೆರಳ ಬುಡ ಎರಡೇ ಕಂಡು ನಡುವೆ ಖಾಲಿ ಇದ್ದರೆ ಕಮಾನು ಎತ್ತರ. ಹಳೇ ಶೂ ತಿರುಗಿಸಿ ಅಟ್ಟೆಯನ್ನೂ ನೋಡಿ. ಹಿಮ್ಮಡಿಯ ಹೊರ ಅಂಚು ಸ್ವಲ್ಪ ಸವೆದಿದ್ದರೆ ಗಾಬರಿ ಬೇಡ, ಎಲ್ಲರಿಗೂ ಹೆಚ್ಚುಕಮ್ಮಿ ಹಾಗೇ ಸವೆಯುತ್ತದೆ. ಒಳ ಅಂಚು ಸವೆದಿದ್ದರೆ ಪಾದ ಒಳಕ್ಕೆ ವಾಲುತ್ತಿದೆ ಅಂತ ಅನುಮಾನಿಸಬಹುದು. ಕಮಾನು ತಗ್ಗಿದ್ದವರಿಗೆ ಸ್ವಲ್ಪ ಬಿಗಿಯಾದದ್ದು ಬೇಕು. ಕಮಾನು ಎತ್ತರ ಇರುವವರಿಗೆ ನಡುವಿನ ಖಾಲಿ ಜಾಗ ತುಂಬುವ ಉಬ್ಬು ಬೇಕು, ಜೊತೆಗೆ ಮೆತ್ತೆಯೂ ಬೇಕು. ಅಂದರೆ ನಾನು ಬೈದ ಜೆಲ್ ಎಲ್ಲರಿಗೂ ದಂಡ ಅಂತೇನಲ್ಲ.

ಅಂಗಡಿಯಲ್ಲಿ ಹೆಬ್ಬೆರಳಿಂದ ಉಬ್ಬನ್ನು ಒತ್ತಿ. ಪೂರ್ತಿ ಕುಸಿದರೆ ನಿಮ್ಮ ಭಾರವನ್ನು ಅದು ಎಲ್ಲಿ ತಡೆಯುತ್ತದೆ? ಆಮೇಲೆ ನೆಲದ ಮೇಲಿಟ್ಟು ಬರಿಗಾಲಲ್ಲಿ ನಿಲ್ಲಿ. ಉಬ್ಬು ಸರಿಯಾಗಿ ಕಮಾನಿನ ಕೆಳಗೇ ಬರಬೇಕು, ಹಿಂದಕ್ಕೋ ಮುಂದಕ್ಕೋ ಹೋದರೆ ಅದೇ ಹೊಸ ನೋವಾಗುತ್ತದೆ. ಅಳತೆ ಕೊಟ್ಟು ಮಾಡಿಸಲೇಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಮಾಮೂಲಿ ಹಿಮ್ಮಡಿ ನೋವಿಗೆ ಒಳ್ಳೆಯ ರೆಡಿಮೇಡ್ ಜೋಡಿಗೂ ಮಾಡಿಸಿದ್ದಕ್ಕೂ ಅಧ್ಯಯನಗಳಲ್ಲಿ ದೊಡ್ಡ ವ್ಯತ್ಯಾಸ ಕಂಡಿಲ್ಲ, ಹಾಗಾಗಿ ಮೊದಲು ರೆಡಿಮೇಡ್ ನೋಡಿ ಅಂತಲೇ ನಾನು ಹೇಳುವುದು. ಪಾದದ ಆಕಾರ ಕೆಟ್ಟಿದ್ದರೆ, ಸಂಧಿವಾತ ಇದ್ದರೆ ಮಾತು ಬೇರೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆ ಆಗಿದ್ದರಂತೂ ಡಾಕ್ಟರಿಗೆ ತೋರಿಸದೆ ಏನನ್ನೂ ಹಾಕಬೇಡಿ, ಒತ್ತಿ ಗಾಯವಾದರೂ ಗೊತ್ತಾಗುವುದಿಲ್ಲ.

ಹಾಕುವಾಗ ಹೆಚ್ಚಿನವರು ಮಾಡುವ ತಪ್ಪು ಒಂದೇ: ಶೂ ಜೊತೆ ಬಂದ ಇನ್‌ಸೋಲ್ ತೆಗೆಯದೆ ಅದರ ಮೇಲೇ ಹೊಸದನ್ನು ತುರುಕುವುದು. ಹಿಮ್ಮಡಿ ಮೇಲಕ್ಕೆ ಬಂದು ಶೂನಿಂದ ಜಾರುತ್ತದೆ, ಬೆರಳುಗಳು ಮೇಲಕ್ಕೆ ಒತ್ತುತ್ತವೆ. ಹಳೆಯದನ್ನು ಕಿತ್ತು ತೆಗೆಯಿರಿ, ಹೊಸದರ ಮೇಲಿಟ್ಟು ಪೆನ್ನಿನಿಂದ ಗೆರೆ ಎಳೆಯಿರಿ, ಬೆರಳಿನ ಕಡೆಯಿಂದ ಮಾತ್ರ ಸ್ವಲ್ಪ ಸ್ವಲ್ಪವೇ ಕತ್ತರಿಸಿ. ಹಿಮ್ಮಡಿ ಕಡೆ ಕತ್ತರಿ ಮುಟ್ಟಿಸಬೇಡಿ. ಒಳಗೆ ಹಾಕಿದ ಮೇಲೆ ಹಿಂಬದಿಯ ಗೋಡೆಗೆ ತಾಗುವವರೆಗೂ ತಳ್ಳಿ. ಶೂ ಕೂಡ ನೆಟ್ಟಗಿರಬೇಕು ಅಲ್ವಾ? ಎರಡು ಕೈಯಲ್ಲಿ ಹಿಡಿದು ಬಗ್ಗಿಸಿದರೆ ಬೆರಳಿನ ಹತ್ತಿರ ಬಗ್ಗಬೇಕು. ನಡುವೆಯೇ ಮಡಿಸಿಕೊಳ್ಳುವ ಶೂ ಒಳಗೆ ಎಂಥ ಇನ್‌ಸೋಲ್ ಹಾಕಿದರೂ ಪ್ರಯೋಜನ ಕಡಿಮೆ.

ನೋವು ಬೆರಳ ಬುಡದಲ್ಲಿದ್ದರೆ ಹನಿಯಾಕಾರದ ಪುಟ್ಟ ಪ್ಯಾಡ್ ಅಂಟಿಸುವುದುಂಟು. ಅದನ್ನು ನೋಯುವ ಜಾಗದ ಕೆಳಗೇ ಇಡಬೇಡಿ, ಅದರ ಸ್ವಲ್ಪ ಹಿಂದಕ್ಕೆ ಬರಬೇಕು. ಆಗ ಭಾರ ನೋಯುವ ಮೂಳೆಗೆ ಬೀಳದೆ ಹಿಂದೆಯೇ ಹಂಚಿಹೋಗುತ್ತದೆ.

ಮೊದಲ ದಿನ ಒಂದು ಗಂಟೆ ಸಾಕು. ದಿನಕ್ಕೊಂದು ಗಂಟೆ ಜಾಸ್ತಿ ಮಾಡುತ್ತಾ ಹೋದರೆ ಎರಡು ವಾರದ ಹೊತ್ತಿಗೆ ಇಡೀ ದಿನ ಹಾಕಬಹುದು, ಓಟ ಗೀಟ ಎಲ್ಲ ಅದಾದ ಮೇಲೆ. ಶುರುವಿನಲ್ಲಿ ಮೀನಖಂಡ ಸ್ವಲ್ಪ ಬಿಗಿದರೆ ಚಿಂತೆಯಿಲ್ಲ. ಗುಳ್ಳೆ ಎದ್ದರೆ, ಜೋಮು ಹಿಡಿದರೆ, ಮೊಣಕಾಲಲ್ಲಿ ಇಲ್ಲದ ನೋವು ಬಂದರೆ ತೆಗೆದಿಡಿ. ಜೊತೆಗೆ ಹಾಸಿಗೆಯಲ್ಲಿ ಕೂತಿರುವಾಗಲೇ ಕಾಲ್ಬೆರಳುಗಳನ್ನು ಕೈಯಿಂದ ಹಿಂದಕ್ಕೆ ಎಳೆದು 10 ಎಣಿಸಿ, ಹೀಗೆ 10 ಸಲ, ಆಮೇಲೇ ನೆಲಕ್ಕೆ ಕಾಲಿಡಿ. ಇದೊಂದು ಮಾಡಿದ ಮೇಲೆ ಬೆಳಗಿನ ಆ ಮೊಳೆ ನನಗೆ ಎಷ್ಟೋ ಮೊಂಡಾಯಿತು. ಆದರೂ ವಾರದಲ್ಲಿ ಹೋಗುವ ನೋವಲ್ಲ ಇದು, ತಿಂಗಳುಗಟ್ಟಲೆ ಹಿಡಿಯಬಹುದು. ಊತ ಬಂದರೆ, ಕಾಲೂರಲು ಆಗದಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಡಾಕ್ಟರಿಗೆ ತೋರಿಸಿ.

ಆರು ತಿಂಗಳಿಗೊಮ್ಮೆ ಇನ್‌ಸೋಲ್ ಹೊರಗೆ ತೆಗೆದು ಮೇಜಿನ ಮೇಲಿಟ್ಟು ಪಕ್ಕದಿಂದ ನೋಡಿ. ಫೋಮ್‌ನದ್ದಾದರೆ ಉಬ್ಬು ಕುಸಿದಿರುತ್ತದೆ, ಹಿಮ್ಮಡಿ ಗುಳಿಯಲ್ಲಿ ತಳ ತೆಳ್ಳಗಾಗಿರುತ್ತದೆ. ಬದಲಿಸುವಾಗ ಎರಡೂ ಕಾಲಿನದ್ದನ್ನು ಒಟ್ಟಿಗೇ ಬದಲಿಸಿ.