ಕತಗಾಲದಲ್ಲಿ ಒಂದು ಮೆಸೇಜ್

ನಾನು ಕುಮಟಾದವಳು. ಕೆಲಸ ಶಿರಸಿಯಲ್ಲಿ, ಸಹಕಾರಿ ಸಂಘಗಳ ಲೆಕ್ಕ ತಪಾಸಣೆ ಮಾಡುವ ಒಂದು ಸಣ್ಣ ಆಫೀಸಿನಲ್ಲಿ. ಮಾರ್ಚ್ 31 ಮುಗಿಯಿತು ಎಂದರೆ ಮಳೆ ಹಿಡಿಯುವ ತನಕ ನಮಗೆ ಪುರುಸೊತ್ತಿಲ್ಲ. ಒಂದು ದಿನ ಸಿದ್ದಾಪುರ, ಇನ್ನೊಂದು ದಿನ ಯಲ್ಲಾಪುರ, ಮತ್ತೊಂದು ದಿನ ಹೊನ್ನಾವರ. ಸಂಘದ ಸೆಕ್ರೆಟರಿ ಕಾಣೆಯಾದ ವೋಚರ್ ಹುಡುಕಿ ಕೊಡುವಷ್ಟರಲ್ಲಿ ಕೊನೆಯ ಬಸ್ ಹೋಗಿರುತ್ತದೆ. ಆಮೇಲೆ ಟ್ಯಾಕ್ಸಿಯೇ ಗತಿ.

2023ರ ಜೂನ್ 11ರಿಂದ ಹೆಂಗಸರಿಗೆ ಬಸ್ ಫ್ರೀ ಆಯಿತಲ್ಲ, ಇನ್ನೂ ಯಾಕೆ ಟ್ಯಾಕ್ಸಿ ಎಂದು ಕೇಳುವವರಿದ್ದಾರೆ. ಟಿಕೆಟ್ ಫ್ರೀ ಆಗಿದ್ದು ನಿಜ. ಆದರೆ ಬಸ್ ನಮ್ಮ ವೋಚರಿಗೆ ಕಾಯುವುದಿಲ್ಲ. ಬೆಂಗಳೂರಿನ ಹಾಗೆ ಫೋನ್ ತೆಗೆದು ಗಾಡಿ ಕರೆಯುವುದು ನಮ್ಮ ಕಡೆ ಅಷ್ಟಾಗಿ ನಡೆಯುವುದಿಲ್ಲ. ಸ್ಟ್ಯಾಂಡಿಗೆ ಹೋಗಬೇಕು, ಇಲ್ಲಾ ಯಾರದ್ದಾದರೂ ನಂಬರ್ ಇರಬೇಕು.

2019ರ ಏಪ್ರಿಲ್. ಏನೂ ಆಗಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓದುವವರು ಅದಕ್ಕೇ ಕಾಯುತ್ತಾರೆ. ರಾತ್ರಿ ಎಂಟೂವರೆ ಆಗಿತ್ತು. ಮುಖ ಪರಿಚಯದ ಡ್ರೈವರ್ ಒಬ್ಬರಿಗೆ ಫೋನ್ ಮಾಡಿದೆ. 'ನನ್ನ ಗಾಡಿ ಹೊರಗೆ ಹೋಗಿದೆ ಅಕ್ಕೋರೆ, ನಮ್ಮ ಹುಡುಗನನ್ನೇ ಕಳಿಸ್ತೇನೆ' ಎಂದರು. ಅಕ್ಕೋರು ಎಂದರೆ ನಮ್ಮಲ್ಲಿ ಟೀಚರ್. ಕೈಯಲ್ಲಿ ಒಂದು ಫೈಲ್ ಇದ್ದರೆ ಸಾಕು, ಎಲ್ಲರೂ ಹಾಗೇ ಕರೆಯುತ್ತಾರೆ. ಬಂದದ್ದು ಬಿಳಿ ಬೋರ್ಡಿನ ಗಾಡಿ, ಎಂದರೆ ಬಾಡಿಗೆಗೆ ಓಡಿಸುವಂತಿಲ್ಲದ ಸ್ವಂತ ಗಾಡಿ. ನೋಡಿದೆ. ನೋಡಿಯೂ ಹತ್ತಿದೆ. ಪರಿಚಯದವರು ಕಳಿಸಿದ್ದಲ್ವಾ?

ಶಿರಸಿಯಿಂದ ಕುಮಟಾ ಸುಮಾರು 60 ಕಿಲೋಮೀಟರ್. ಅಮ್ಮಿನಳ್ಳಿ ತನಕ ಅವನು ಮಾತಾಡಲಿಲ್ಲ. ಆಮೇಲೆ ಕನ್ನಡಿ ಸರಿ ಮಾಡಿಕೊಂಡ. ಹಿಂದೆ ಬರುವ ಗಾಡಿ ನೋಡಲಿಕ್ಕಲ್ಲ, ನನ್ನ ಮುಖ ಅದರಲ್ಲಿ ಪೂರ್ತಿ ಸಿಗುವ ಹಾಗೆ. 'ಒಬ್ರೇಯಾ?' 'ಮದುವೆ ಆಗಿಲ್ವಾ?' 'ಇಷ್ಟೊತ್ತಾದ್ರೆ ಮನೇಲಿ ಏನೂ ಹೇಳೋದಿಲ್ವಾ?' ಒಂದೊಂದೇ ಪ್ರಶ್ನೆ, ನಡುವೆ ಗುಟ್ಕಾ ಉಗುಳಲು ಕಿಟಕಿ ಇಳಿಸುವುದು. ರಾಗಿಹೊಸಳ್ಳಿ ದಾಟಿದ ಮೇಲೆ ಫೋನಿನಲ್ಲಿ ನೆಟ್‌ವರ್ಕ್ ಹೋಯಿತು. ಘಟ್ಟ ಶುರುವಾಗುವ ಮೊದಲು ಗಾಡಿ ನಿಂತಿತು. ರಸ್ತೆ ಬದಿ ಯಾರೋ ನಿಂತಿದ್ದ. ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಕೂತ. 'ನಮ್ಮವನೇ, ಕುಮಟಾಕ್ಕೆ ಬರ್ತಾನೆ' ಎಂದ ಡ್ರೈವರ್. ನನ್ನನ್ನು ಕೇಳಲಿಲ್ಲ. ಬಾಡಿಗೆ ನನ್ನದು.

ದೇವಿಮನೆ ಘಟ್ಟ ಇಳಿಯುವಷ್ಟು ಹೊತ್ತೂ ನನ್ನ ಕೈ ಬಾಗಿಲ ಹಿಡಿಕೆಯ ಮೇಲೇ ಇತ್ತು. ಇಬ್ಬರೂ ನನಗೆ ಗೊತ್ತಾಗದ ಯಾವುದೋ ವಿಷಯಕ್ಕೆ ಮೆಲ್ಲಗೆ ನಗುತ್ತಿದ್ದರು. ತಿರುವಿಗೊಮ್ಮೆ ಹೆಡ್‌ಲೈಟ್ ಬರೀ ಮರದ ಮೇಲೆ ಬೀಳುತ್ತಿತ್ತು. ಘಟ್ಟದ ಕೆಳಗಿನ ಊರು ಕತಗಾಲ ಬಂದಾಗ ಫೋನ್ ನಾಲ್ಕೈದು ಸಲ ಒಟ್ಟಿಗೇ ಗುಂಯ್‌ಗುಟ್ಟಿತು. ಒಂದು ಅಂಗಡಿಯಲ್ಲಿ ಇನ್ನೂ ದೀಪ ಇತ್ತು. 'ಇಲ್ಲೇ ನಿಲ್ಲಿಸಿ, ವಾಂತಿ ಬರ್ತಾ ಇದೆ' ಎಂದೆ. ಗಾಡಿ ಹೊಲಸಾಗುತ್ತದೆ ಎಂದರೆ ಯಾವ ಡ್ರೈವರ್ ಆದರೂ ನಿಲ್ಲಿಸುತ್ತಾನೆ. ಪೂರ್ತಿ ಬಾಡಿಗೆ ಕೊಟ್ಟೆ. ಅಪ್ಪ ಸ್ಕೂಟರಿನಲ್ಲಿ ಬಂದರು. 'ಗಾಡಿ ಕೆಟ್ಟಿತು' ಎಂದು ಸುಳ್ಳು ಹೇಳಿದೆ. ನಿಜ ಹೇಳಿದರೆ ನಾಳೆಯಿಂದ ಕೆಲಸ ಬಿಡು ಎನ್ನುತ್ತಾರೆ ಎಂಬ ಹೆದರಿಕೆ. ಆ ಸುಳ್ಳನ್ನು ಒಂದು ವರ್ಷ ಇಟ್ಟುಕೊಂಡೆ.

ಎರಡು ದಿನ ಬಿಟ್ಟು ಸ್ಟ್ಯಾಂಡಿನಲ್ಲಿ ಹಿರಿಯ ಡ್ರೈವರ್ ಒಬ್ಬರ ಹತ್ತಿರ ಹೇಳಿದೆ.

'ಏನಾದ್ರೂ ಮಾಡಿದ್ನಾ ತಂಗಿ?'

'ಇಲ್ಲ.'

'ಮತ್ತೆ?'

ಆ 'ಮತ್ತೆ'ಗೆ ನನ್ನಲ್ಲಿ ಉತ್ತರ ಇರಲಿಲ್ಲ. ಹೆದರಿಕೆ ಆಯಿತು ಎಂದರೆ ನಮ್ಮ ಕಡೆ ಅದು ಹೆದರಿದವಳ ತಪ್ಪು. ಮತ್ತೆ ಒಂದು ವಾರ ಯೋಚಿಸಿ ಹೋದೆ. ಈ ಸಲ ಹೆದರಿಕೆಯ ಮಾತೇ ತೆಗೆಯಲಿಲ್ಲ. 'ಬಿಳಿ ಬೋರ್ಡಿನ ಗಾಡಿ ಬಾಡಿಗೆಗೆ ಬಂದಿತ್ತು. ನನ್ನ ಬಾಡಿಗೆಯಲ್ಲಿ ಬೇರೆಯವನನ್ನು ಹತ್ತಿಸಿಕೊಂಡ. ಘಟ್ಟದಲ್ಲಿ ಆಕ್ಸಿಡೆಂಟ್ ಆಗಿದ್ದರೆ ಇನ್ಶೂರೆನ್ಸಿನವರು ಏನು ಹೇಳುತ್ತಿದ್ದರು?' ಎಂದೆ. ಅವರ ಮುಖ ಗಂಭೀರವಾಯಿತು. ಟ್ಯಾಕ್ಸ್, ಪರ್ಮಿಟ್, ಎಫ್‌ಸಿ ಎಲ್ಲ ಕಟ್ಟಿ ಹಳದಿ ಬೋರ್ಡ್ ಓಡಿಸುವವರಿಗೆ ಬಿಳಿ ಬೋರ್ಡ್ ಎಂದರೆ ಹೊಟ್ಟೆಯ ಮೇಲೆ ಹೊಡೆದ ಹಾಗೆ. ಆ ಮಾತು ಅವರಿಗೆ ತಟ್ಟಿತು. ನನಗೆ ಬೇಜಾರೂ ಆಯಿತು, ಉಪಯೋಗವೂ ಆಯಿತು. ನನ್ನ ನಾಲ್ಕು ಡ್ರೈವರುಗಳಲ್ಲಿ ಮೊದಲನೆಯವರು ಅವರೇ.

ಹೌದು, ನಾಲ್ಕೇ ಜನ. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಅವರ ಹೆಸರು, ಗಾಡಿ ನಂಬರ್, ಮನೆಯ ನಂಬರ್ ಇದೆ. ಮನೆಯ ನಂಬರ್ ಮುಖ್ಯ. ಡ್ರೈವರಿನ ಹೆಂಡತಿಯ ಹತ್ತಿರ ಒಂದು ಸಲ ಮಾತಾಡಿದ್ದರೆ ಸಾಕು, ಗಾಡಿಯ ಒಳಗಿನ ಹವೆಯೇ ಬೇರೆ ಆಗುತ್ತದೆ. ಯಾರನ್ನೂ ಮೊದಲ ಸಲ ರಾತ್ರಿ ಕರೆದಿಲ್ಲ. ಹಗಲಲ್ಲಿ, ಬೇಕಾಗಿಲ್ಲದಿದ್ದರೂ, ಹತ್ತಿರದ ಊರಿಗೆ ಒಂದೆರಡು ಸಲ ಹೋಗಿ ನೋಡಿದೆ. ಹಾರ್ನ್ ಹೇಗೆ ಹೊಡೆಯುತ್ತಾರೆ, ಬೇರೆ ಹೆಂಗಸರ ಬಗ್ಗೆ ಏನು ಮಾತಾಡುತ್ತಾರೆ, 'ಇಲ್ಲಿ ನಿಲ್ಲಿಸಿ' ಎಂದರೆ ಕೂಡಲೇ ನಿಲ್ಲಿಸುತ್ತಾರಾ ಅಥವಾ 'ಸ್ವಲ್ಪ ಮುಂದೆ' ಎನ್ನುತ್ತಾರಾ. ಕೊನೆಯದ್ದೇ ನನ್ನ ದೊಡ್ಡ ಪರೀಕ್ಷೆ. ಒಬ್ಬ ಒಳ್ಳೆಯ ಡ್ರೈವರನ್ನು ಆ ಒಂದೇ ಕಾರಣಕ್ಕೆ ಬಿಟ್ಟೆ. ಅನ್ಯಾಯವೂ ಇರಬಹುದು, ಇರಲಿ. ಬಾಡಿಗೆ ಮೊದಲೇ ಮಾತಾಡಿ, ವಾಪಸ್ ಬಾಡಿಗೆಯೂ ಸೇರಿಸಿ ಕೊಡುತ್ತೇನೆ. ಚೌಕಾಸಿ ಏನಿದ್ದರೂ ಹಗಲಲ್ಲಿ.

ಗಾಡಿ ಬಂದ ಕೂಡಲೇ ಬೋರ್ಡ್ ನೋಡುತ್ತೇನೆ. ಹಳದಿ ಮೇಲೆ ಕಪ್ಪು ಅಕ್ಷರ, ನೋಟ್‌ಬುಕ್ಕಿನ ನಂಬರ್, ಎರಡೂ ಸರಿ ಇರಬೇಕು. 2005ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಕಾಲ್ ಸೆಂಟರಿನ ಹೆಣ್ಣುಮಗಳೊಬ್ಬಳನ್ನು ಕೊಂದ ಸುದ್ದಿ ನೆನಪಿದೆಯಾ? ಮನೆ ಮುಂದೆ ಬಂದವನು ಕಂಪನಿ ಕಳಿಸಿದ ಡ್ರೈವರ್ ಎಂದೇ ನಂಬಿ ಆಕೆ ಹತ್ತಿದ್ದಳು. ನಾನಾಗ ಶಾಲೆಯಲ್ಲಿದ್ದೆ. 'ಕಳಿಸಿದ್ದಾರೆ' ಎಂಬ ಮಾತನ್ನು ನಂಬಬಾರದು ಎಂದು ಆಗಲೇ ಗೊತ್ತಿರಬೇಕಿತ್ತು. ನೋಟ್‌ಬುಕ್ಕಿನಲ್ಲಿ ಇಲ್ಲದ ಗಾಡಿ ಆದರೆ ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ನೋಡುತ್ತೇನೆ. ಒಂದು ನಿಮಿಷದ ಕೆಲಸ.

ಆಮೇಲೆ ಬಾಗಿಲು. ಹಿಂದಿನ ಬಾಗಿಲು ತೆಗೆದರೆ ಅದರ ಅಂಚಿನಲ್ಲಿ, ಬೀಗದ ಹತ್ತಿರ, ಸಣ್ಣದೊಂದು ಗುಂಡಿಯೋ ಕಡ್ಡಿಯೋ ಇರುತ್ತದೆ. ಅದು ಚೈಲ್ಡ್ ಲಾಕ್. ಅದು ಬಿದ್ದಿದ್ದರೆ ಒಳಗಿಂದ ಎಷ್ಟು ಎಳೆದರೂ ಬಾಗಿಲು ತೆರೆಯುವುದಿಲ್ಲ. ಅಂದು ಘಟ್ಟದಲ್ಲಿ ನಾನು ಹಿಡಿದುಕೊಂಡಿದ್ದ ಹಿಡಿಕೆ ಕೆಲಸ ಮಾಡುತ್ತಿತ್ತೋ ಇಲ್ಲವೋ ನನಗೆ ಗೊತ್ತೇ ಇರಲಿಲ್ಲ. ಈಗ ಕೂತು ಬಾಗಿಲು ಹಾಕಿದ ಮೇಲೆ 'ಅಯ್ಯೋ, ವೇಲ್ ಸಿಕ್ಕಿತು' ಎಂದು ಒಮ್ಮೆ ಒಳಗಿಂದಲೇ ತೆಗೆದು ಮತ್ತೆ ಹಾಕುತ್ತೇನೆ. ಯಾರಿಗೂ ಅವಮಾನ ಇಲ್ಲ. ಕೂರುವುದು ಡ್ರೈವರ್ ಹಿಂದಿನ ಸೀಟಿನಲ್ಲಿ. ಕನ್ನಡಿಯಲ್ಲಿ ನಾವು ಸಿಗುವುದು ಕಡಿಮೆ.

2019ರಿಂದ ಬಂದ ಹೊಸ ಟ್ಯಾಕ್ಸಿಗಳಲ್ಲಿ ಪ್ಯಾನಿಕ್ ಬಟನ್ ಇರಬೇಕು ಎಂಬ ನಿಯಮ ಇದೆ. ನಾಲ್ವರಲ್ಲಿ ಒಬ್ಬರದ್ದು ಹೊಸ ಗಾಡಿ. ಎಲ್ಲಿದೆ ಎಂದು ಕೇಳಿದೆ. ಆ ಪುಣ್ಯಾತ್ಮ ಸೀಟಿನ ಸುತ್ತ ತಡಕಿ, 'ಸೀಟ್ ಕವರ್ ಹಾಕಿಸಿದ್ನಲ್ಲ ಅಕ್ಕಾ, ಅದರ ಅಡಿಗೆ ಹೋಯ್ತು' ಎಂದ. ಮರುದಿನ ಬ್ಲೇಡಿನಿಂದ ಕವರ್ ಕತ್ತರಿಸಿ ತೋರಿಸಿದ. ಪಾಪ, ಚಂದದ ಕವರ್ ಆಗಿತ್ತು.

ಇವೆಲ್ಲ ಮಾಡಿದರೂ ಘಟ್ಟದಲ್ಲಿ ನೆಟ್‌ವರ್ಕ್ ಇಲ್ಲ ಎಂಬುದು ಹಾಗೇ ಉಳಿಯಿತು. ಲೈವ್ ಲೊಕೇಶನ್ ಕಳಿಸಿದರೆ ಮನೆಯವರ ಫೋನಿನಲ್ಲಿ ನಾನು ರಾಗಿಹೊಸಳ್ಳಿಯ ಹತ್ತಿರ ನಿಂತೇಬಿಡುತ್ತೇನೆ. ಹಾಗಾಗಿ ಮ್ಯಾಪ್ ಬಿಟ್ಟು ಗಡಿಯಾರ ಹಿಡಿದೆ. ರಾಗಿಹೊಸಳ್ಳಿಯಲ್ಲಿ ಒಂದು ಮೆಸೇಜ್, ಕತಗಾಲದಲ್ಲಿ ಒಂದು ಮೆಸೇಜ್. ನಡುವೆ ಇಷ್ಟು ಹೊತ್ತು ಎಂದು ಲೆಕ್ಕ. ಅದು ದಾಟಿದರೆ ಅಪ್ಪ ಮೊದಲು ಡ್ರೈವರಿನ ಮನೆಗೆ ಫೋನ್ ಮಾಡಬೇಕು, ಅಲ್ಲಿಂದಲೂ ಸುದ್ದಿ ಇಲ್ಲದಿದ್ದರೆ 112. ಆದರೆ ಇದು ನಡೆಯಬೇಕಾದರೆ ಅಪ್ಪ ಎಚ್ಚರ ಇರಬೇಕು. ಎಚ್ಚರ ಇರಬೇಕಾದರೆ ಯಾಕೆ ಎಂದು ಗೊತ್ತಿರಬೇಕು. ಅಲ್ಲಿಗೆ ನನ್ನ ಸುಳ್ಳು ಅಡ್ಡ ಬಂತು.

ಹೇಳಿದೆ. ಊಟದ ಹೊತ್ತಿನಲ್ಲಿ, ತಟ್ಟೆ ನೋಡುತ್ತಾ. ಆಯಿ, ಎಂದರೆ ನನ್ನ ಅಮ್ಮ, ಕೂಡಲೇ 'ಬೇಡ ಆ ಕೆಲಸ' ಎಂದಳು. ಅಪ್ಪ ತುಂಬಾ ಹೊತ್ತು ಸುಮ್ಮನಿದ್ದು, 'ಅದಕ್ಕೇ ವಾಂತಿ ಆಗಿದ್ದವಳು ದಾರಿಯಲ್ಲಿ ವಡೆ ತಿಂದೆಯಾ' ಎಂದರು. ಕತಗಾಲದ ಅಂಗಡಿಯವನು ವಾಂತಿಯ ಮಾತನ್ನೂ ವಡೆಯ ಮಾತನ್ನೂ ಅವರಿಗೆ ಅಂದೇ ಹೇಳಿದ್ದನಂತೆ. ಒಂದು ವರ್ಷ ಅವರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಈಗ ಗಾಡಿ ಹೊರಡುವ ಮೊದಲು ಡ್ರೈವರ್ ಎದುರೇ ಗಟ್ಟಿಯಾಗಿ ಫೋನ್ ಮಾಡುತ್ತೇನೆ. ಯಾರ ಗಾಡಿ, ಯಾವ ನಂಬರ್, ಎಷ್ಟು ಹೊತ್ತಿಗೆ ಕತಗಾಲ. ಶುರುವಿನಲ್ಲಿ ನಾಚಿಕೆ ಆಗುತ್ತಿತ್ತು, ಎದುರಿಗಿರುವವರ ಮೇಲೆ ಅನುಮಾನ ಪಟ್ಟ ಹಾಗೆ. ಒಂದು ದಿನ ಆ ಹಿರಿಯರೇ 'ಹತ್ತು ಗಂಟೆ ಅನ್ಬೇಡ ತಂಗಿ, ಹತ್ತೂಕಾಲು ಅನ್ನು. ದಾರಿ ಮೇಲೆ ಮಂಜಿದೆ, ಅಪ್ಪ ಸುಮ್ನೆ ಹೆದರ್ತಾರೆ' ಎಂದರು. ಅಂದಿನಿಂದ ನಾಚಿಕೆ ಹೋಯಿತು. ಒಳ್ಳೆಯ ಡ್ರೈವರಿಗೆ ಈ ಫೋನಿನಿಂದ ಬೇಜಾರಾಗುವುದಿಲ್ಲ. ಬೇಜಾರಾದರೆ ನನಗೊಂದು ವಿಷಯ ಗೊತ್ತಾದ ಹಾಗೆ.

ರೈಲಿನ ಕತೆ ಬೇರೆ. ಕಾರವಾರದ ಸ್ಟೇಷನ್ ಇರುವುದು ಊರಿನಲ್ಲಲ್ಲ, ಶಿರವಾಡದಲ್ಲಿ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ಗಾಡಿಗಳು ನಿಧಾನ, ಇಳಿಯುವಾಗ ಯಾವ ಹೊತ್ತೋ. ಹೊರಗೆ ಬಂದ ಕೂಡಲೇ 'ಬನ್ನಿ ಬನ್ನಿ' ಎಂದು ಬ್ಯಾಗಿಗೆ ಕೈ ಹಾಕುತ್ತಾರೆ. ಬ್ಯಾಗ್ ಮಾತ್ರ ಕೊಡುವುದಿಲ್ಲ. ಬ್ಯಾಗ್ ಕೊಟ್ಟರೆ ಗಾಡಿ ಆರಿಸಿದ್ದು ನಾವಲ್ಲ, ಅವರು. ಗುರುತಿನವರು ಸಿಗದಿದ್ದರೆ ಬೆಳಗಾಗುವ ತನಕ ವೇಟಿಂಗ್ ರೂಮಿನಲ್ಲಿ ಕೂರುತ್ತೇನೆ. ಸೊಳ್ಳೆ ಕಚ್ಚುತ್ತದೆ, ಅಷ್ಟೇ.

ಆಫೀಸಿನಲ್ಲೂ ಒಂದು ಮಾತು ಆಡಬೇಕಾಯಿತು. ನಮ್ಮ ಸಾಹೇಬರು ಕೆಟ್ಟವರಲ್ಲ, ಆದರೆ 'ಗಾಡಿ ನೀವೇ ನೋಡ್ಕೊಳ್ಳಿ, ಬಿಲ್ ಕೊಡಿ' ಎನ್ನುವ ಪೈಕಿ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಕಿರುಕುಳ ಆಗದ ಹಾಗೆ ನೋಡಿಕೊಳ್ಳಲು 2013ರಲ್ಲಿ ಬಂದ ಕಾಯ್ದೆ ಇದೆಯಲ್ಲ, ಅದರಲ್ಲಿ ಕೆಲಸದ ಮೇಲೆ ಹೋಗುವ ಊರು, ಕೆಲಸ ಕೊಟ್ಟವರು ಮಾಡಿಕೊಟ್ಟ ಗಾಡಿ ಎಲ್ಲವೂ ಕೆಲಸದ ಜಾಗವೇ. ಅದನ್ನು ಪ್ರಿಂಟ್ ತೆಗೆದು ಅವರ ಮೇಜಿನ ಮೇಲಿಟ್ಟೆ. ಲೆಕ್ಕದವರಲ್ವಾ, ಕಾಗದ ಕಂಡರೆ ನಂಬುತ್ತಾರೆ. ಈಗ ಏಳು ಗಂಟೆ ದಾಟಿದರೆ ಗಾಡಿ ಆಫೀಸಿನ ಹೆಸರಿನಲ್ಲಿ, ನಂಬರ್ ರಿಜಿಸ್ಟರಿನಲ್ಲಿ.

ಇಷ್ಟರ ನಡುವೆ ನನ್ನನ್ನು ಜಾಸ್ತಿ ಕಾಡಿದ್ದು ಡ್ರೈವರುಗಳಲ್ಲ. ನಮ್ಮ ಕಡೆ ಗಾಡಿ ಹತ್ತಿದ ಕೂಡಲೇ 'ಯಾರ ಮನೆ ಆಯ್ತು?' ಎಂದು ಕೇಳುತ್ತಾರೆ. ಗುರುತು ಹತ್ತಿದರೆ ಧೈರ್ಯ ನಿಜ. ಅದೇ ಗುರುತಿನಿಂದ ನಾನು ಎಷ್ಟು ಹೊತ್ತಿಗೆ ಮನೆ ಸೇರಿದೆ ಎಂಬುದು ಮರುದಿನ ಪೇಟೆಗೆಲ್ಲ ಗೊತ್ತು. ಒಂದು ಮದುವೆ ಮನೆಯಲ್ಲಿ ಯಾರೋ ಆಯಿಗೆ 'ನಿಮ್ಮ ಮಗಳು ಮೊನ್ನೆ ಹನ್ನೊಂದಕ್ಕೆ ಬಂದಳಂತೆ' ಎಂದರು. ಆಯಿ, ಕೆಲಸ ಬೇಡ ಎಂದಿದ್ದ ಅದೇ ಆಯಿ, ಎಲೆಯಿಂದ ತಲೆ ಎತ್ತದೆ 'ಹತ್ತೂಮುಕ್ಕಾಲು' ಎಂದಳು.

ಈ ವರ್ಷ ಆಫೀಸಿಗೆ ಸಿದ್ದಾಪುರದ ಕಡೆಯ ಹೊಸ ಹುಡುಗಿ ಬಂದಿದ್ದಾಳೆ. ನೋಟ್‌ಬುಕ್ ಕೊಟ್ಟು ಬರೆದುಕೋ ಎಂದೆ. ನಾಲ್ಕು ನಂಬರಿನ ಪುಟ ತಿರುಗಿಸಿದರೆ ಹಿಂದೆ ಇನ್ನೊಂದೇ ಒಂದು ನಂಬರ್ ಇದೆ, ಬಿಳಿ ಬೋರ್ಡಿನದು. ಅವನು ಈಗಲೂ ಗಾಡಿ ಓಡಿಸುತ್ತಾನೆ. ನನ್ನನ್ನು ಕಂಡರೆ ಆಚೆ ನೋಡುತ್ತಾನೆ. 'ಇದು ಯಾರದ್ದು ಅಕ್ಕಾ?' ಎಂದು ಕೇಳಿದಳು. ಹೇಳಿದೆ. ಅವಳು ಅದನ್ನೇ ಮೊದಲು ಬರೆದುಕೊಂಡಳು.