ಎಲ್ಲರ ಉಸಿರೂ ಹದಿನೆಂಟೇ

ಶಸ್ತ್ರಚಿಕಿತ್ಸಾ ವಾರ್ಡಿನ ಉಸ್ತುವಾರಿ ನನ್ನ ಮೇಲಿದ್ದ ಕಾಲದಲ್ಲಿ, ಕರುಳಿನ ಆಪರೇಷನ್ ಆಗಿ ಮೂರನೆಯ ದಿನದಲ್ಲಿದ್ದ ಹಿರಿಯರೊಬ್ಬರ ಮಗಳು ಬೆಳಗಿನ ಡ್ಯೂಟಿ ಬದಲಾಗುವ ಹೊತ್ತಿಗೆ ಬಂದು, "ಸಿಸ್ಟರ್, ಅಪ್ಪ ರಾತ್ರಿಯಿಂದ ನನ್ನನ್ನ ಅತ್ತೆ ಹೆಸರಲ್ಲಿ ಕರೀತಿದ್ದಾರೆ" ಎಂದರು. ಚಾರ್ಟ್ ನೋಡಿದೆ. ಜ್ವರವಿರಲಿಲ್ಲ, ಆಕ್ಸಿಜನ್ 96, ಉಸಿರು ನಿಮಿಷಕ್ಕೆ 18. ಆದರೆ ಮಂಚದ ಪಕ್ಕ ನಿಂತು ನಾನೇ ಎಣಿಸಿದಾಗ ಉಸಿರು 26 ಇತ್ತು, ನಾಡಿ 112, ಮೇಲಿನ ಬಿ.ಪಿ. 108.

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ರೂಪಿಸಿ 2017ರಲ್ಲಿ ಪರಿಷ್ಕರಿಸಿದ, ರೋಗಿ ಹದಗೆಡುತ್ತಿರುವುದನ್ನು ಮೊದಲೇ ಎಚ್ಚರಿಸುವ 'ನ್ಯೂಸ್' (ನ್ಯಾಷನಲ್ ಅರ್ಲಿ ವಾರ್ನಿಂಗ್ ಸ್ಕೋರ್) ಅಂಕಪಟ್ಟಿಯಲ್ಲಿ ಉಸಿರು 25 ಮುಟ್ಟಿದರೆ 3 ಅಂಕ, ಹೊಸದಾಗಿ ಕಾಣಿಸಿಕೊಂಡ ಗೊಂದಲಕ್ಕೆ 3, ಅಂಥ ನಾಡಿಗೆ 2, ಆ ಬಿ.ಪಿ.ಗೆ 1. ಒಟ್ಟು 7 ಮುಟ್ಟಿದರೆ ತುರ್ತು ಎಂದು ಅರ್ಥ. ಇವರದು 9 ಆಗಿತ್ತು. ಹೊಲಿಗೆ ಬಿಟ್ಟು ಹೊಟ್ಟೆಯೊಳಗೆ ಸೋಂಕು ಹರಡಿದ್ದು ಮಧ್ಯಾಹ್ನದ ಹೊತ್ತಿಗೆ ಖಚಿತವಾಗಿ, ಮತ್ತೆ ಆಪರೇಷನ್ ಮಾಡಬೇಕಾಯಿತು. ಅವರು ಉಳಿದರು.

ಆ ಸಂಜೆ ವಾರ್ಡಿನ ಹಳೆಯ ಚಾರ್ಟುಗಳನ್ನೆಲ್ಲ ತಿರುವಿದೆ. ಸಾಲುಸಾಲಾಗಿ 18, 18, 20, 18. ಬಿ.ಪಿ.ಗೂ ಆಕ್ಸಿಜನ್ನಿಗೂ ಯಂತ್ರವಿದೆ. ಉಸಿರನ್ನು ಮಾತ್ರ ಕಣ್ಣಿನಿಂದ ಎಣಿಸಬೇಕು, ಒಂದು ಪೂರ್ತಿ ನಿಮಿಷ ನಿಲ್ಲಬೇಕು, ಒಬ್ಬಳ ಪಾಲಿಗೆ ಇಪ್ಪತ್ತು ಮಂಚಗಳಿರುವಾಗ ಆ ನಿಮಿಷವೇ ಮೊದಲು ಕಳೆದುಹೋಗುತ್ತದೆ. ಹುಡುಗಿಯರನ್ನು ಬೈದು ಪ್ರಯೋಜನವಿರಲಿಲ್ಲ. ಹೊಸಬಳಾಗಿದ್ದಾಗ ನಾನೂ ಹಾಗೆಯೇ ಎಣಿಸದೆ ಬರೆದಿದ್ದೇನೆ. ವಾರ್ಡಿನ ಗೋಡೆ ಗಡಿಯಾರಕ್ಕೆ ಸೆಕೆಂಡಿನ ಮುಳ್ಳೇ ಇರಲಿಲ್ಲ ಎಂಬುದು ನನ್ನ ಗಮನಕ್ಕೆ ಬಂದದ್ದೂ ಅಂದೇ.

ಮೊದಲು ಮುಳ್ಳಿರುವ ಗಡಿಯಾರ ಹಾಕಿಸಿದೆ. ಎಣಿಸುತ್ತಿದ್ದೇವೆಂದು ತಿಳಿದರೆ ರೋಗಿಯ ಉಸಿರಿನ ಲಯವೇ ಬದಲಾಗುವುದರಿಂದ, ನಾಡಿ ಹಿಡಿದ ಬೆರಳನ್ನು ತೆಗೆಯದೆ ಎದೆಯ ಏರಿಳಿತವನ್ನು ಎಣಿಸುವುದನ್ನು ಪಕ್ಕದಲ್ಲಿ ನಿಂತು ಕಲಿಸಿದೆ. ಡ್ಯೂಟಿ ಒಪ್ಪಿಸುವಾಗ ರೋಗಿಯ ಜೊತೆಗಿರುವವರನ್ನು "ನಿನ್ನೆಗೂ ಇವತ್ತಿಗೂ ಏನು ವ್ಯತ್ಯಾಸ ಕಾಣುತ್ತಿದೆ?" ಎಂದು ಕೇಳುವುದನ್ನು ಕಡ್ಡಾಯ ಮಾಡಿದೆ. ಡ್ಯೂಟಿ ಡಾಕ್ಟರಿಗೆ ಫೋನು ಮಾಡುವಾಗ "ಪೇಷೆಂಟ್ ಯಾಕೋ ಸರಿಯಿಲ್ಲ ಸರ್" ಎನ್ನುವ ಬದಲು ಅಂಕ ಹೇಳಲು ತೊಡಗಿದ ಮೇಲೆ, ಅವರು ಮೊದಲಿಗಿಂತ ಬೇಗ ಬರತೊಡಗಿದರು.

ಈ ಅಂಕಪಟ್ಟಿ ಗರ್ಭಿಣಿಯರಿಗೂ ಹದಿನಾರು ತುಂಬದ ಮಕ್ಕಳಿಗೂ ಸಲ್ಲದು. ಹಳೆಯ ಶ್ವಾಸಕೋಶದ ಕಾಯಿಲೆಯಿಂದಾಗಿ ಡಾಕ್ಟರು 88ರಿಂದ 92ರ ಆಕ್ಸಿಜನ್ ಮಟ್ಟವನ್ನೇ ಗುರಿಯಾಗಿ ಬರೆದಿರುವವರಿಗೆ ಬೇರೆಯ ಅಳತೆಯಿದೆ. ಒಂದಿಬ್ಬರಿಗೆ ಅಂಕ ಹೆಚ್ಚು ಬಂದು, ಡಾಕ್ಟರು ಓಡಿ ಬಂದು ನೋಡಿದಾಗ ಏನೂ ಇರದಿದ್ದದ್ದೂ ಉಂಟು. ಅದಕ್ಕೆ ನಾನು ಯಾರನ್ನೂ ಗದರಲಿಲ್ಲ. ಈಗ ಚಾರ್ಟಿನಲ್ಲಿ 17, 22, 15, 19 ಎಂದು ಅಂಕುಡೊಂಕಾದ ಸಂಖ್ಯೆಗಳಿರುತ್ತವೆ. ಮೂರು ಮಂಚಗಳಿಗೆ ಸಾಲಾಗಿ 18 ಕಂಡರೆ ಮಾತ್ರ, ನಾನೇ ಎದ್ದು ಹೋಗಿ ಗಡಿಯಾರದ ಕೆಳಗೆ ನಿಲ್ಲುತ್ತೇನೆ.